ರಾಸ್‌ಕಾಮನ್‌ನ ‘ಗೆರಟಿ’: ಬೆಂಗಳೂರು ದಂಡಿನಿಂದ ಐರ್ಲೆಂಡಿನ ಊರು ಹುಡುಕುವುದು ಹೇಗೆ?

(ವೇದಿಕೆಯೊಂದರ ಪ್ರಶ್ನೋತ್ತರ. ಪ್ರತಿ ಭಾಗದ ಮೇಲಿರುವುದು ಬರೆದವರ ಅಡ್ಡಹೆಸರು.)

ದಂಡಿನ ದಾಖಲೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರು ದಂಡು ಪ್ರದೇಶದ ಒಂದು ಆಂಗ್ಲೋ-ಇಂಡಿಯನ್ ಮನೆತನದ ಐರಿಷ್ ಮೂಲ ಹುಡುಕಬೇಕಾಗಿದೆ. ಸರ್‌ನೇಮ್ ‘ಗೆರಟಿ’. ಇಂಗ್ಲಿಷ್ ಅಕ್ಷರಗಳಲ್ಲಿ ಜಿ-ಇ-ಆರ್-ಎ-ಜಿ-ಎಚ್-ಟಿ-ವೈ. ಮನೆಯವರು ಈಗಲೂ ಇಲ್ಲೇ ಇರುವುದರಿಂದ ಮೊದಲ ಹೆಸರುಗಳನ್ನು ಹಾಕುತ್ತಿಲ್ಲ.

ಕೈಯಲ್ಲಿರುವುದು ಮೂರೇ ಕಾಗದ. ಒಂದು, 1868ರ ಮದುವೆ ದಾಖಲೆಯ ನಕಲು, ಕ್ಯಾಥೊಲಿಕ್ ಚರ್ಚಿನದು. ವರನ ವಯಸ್ಸು 41, ಉದ್ಯೋಗದ ಕಾಲಂನಲ್ಲಿ ‘ಪಿಂಚಣಿದಾರ, 102ನೇ ರೆಜಿಮೆಂಟ್’ ಎಂದಿದೆ. ತಂದೆಯ ಹೆಸರಿದೆ, ತಾಯಿಯದಿಲ್ಲ. ಎರಡು, 1870ರ ಮಗುವಿನ ಜ್ಞಾನಸ್ನಾನದ ದಾಖಲೆ. ಇದರಲ್ಲಿ ಸರ್‌ನೇಮ್ ‘ಗ್ಯಾರಿಟಿ’ ಆಗಿಬಿಟ್ಟಿದೆ: ಜಿ-ಎ-ಆರ್-ಆರ್-ಐ-ಟಿ-ವೈ. ಮೂರು, ಮನೆಯ ಹಳೇ ಬೈಬಲಿನ ಮೊದಲ ಹಾಳೆಯಲ್ಲಿ ‘ರಾಸ್‌ಕಾಮನ್’ ಎಂಬ ಒಂದೇ ಪದ.

1901ರ ಐರಿಷ್ ಜನಗಣತಿಯಲ್ಲಿ ಹುಡುಕಿದರೆ ರಾಸ್‌ಕಾಮನ್ ಕೌಂಟಿಯ (ಅಲ್ಲಿನ ಜಿಲ್ಲೆ) ತುಂಬ ಗೆರಟಿಗಳೇ ಇದ್ದಾರೆ. ಯಾರು ಯಾರಿಗೆ ಏನಾಗಬೇಕು ಎಂದು ಹೇಳಲು ದಾರಿಯಿಲ್ಲ. ಗೆರಟಿ, ಗ್ಯಾರಿಟಿ ಒಂದೇ ಮನೆತನವೇ? ಕೌಂಟಿಯಿಂದ ಊರಿನ ಮಟ್ಟಕ್ಕೆ ಇಳಿಯುವುದು ಹೇಗೆ? ಹಳೇ ಪತ್ರಿಕೆಗಳ ಜಾಲತಾಣಕ್ಕೆ ಚಂದಾ ಕಟ್ಟಿದರೆ ಪ್ರಯೋಜನ ಇದೆಯೇ?

ಕಡತ ಕೋಣೆ

ಐರ್ಲೆಂಡನ್ನು ಸದ್ಯಕ್ಕೆ ಬದಿಗಿಡಿ. ಕೌಂಟಿ ಹೆಸರಷ್ಟೇ ಹಿಡಿದು ಅಲ್ಲಿನ ದಾಖಲೆಗೆ ಇಳಿದರೆ, ‘ಮಂಡ್ಯ ಜಿಲ್ಲೆಯ ಗೌಡರು’ ಎಂದು ಹುಡುಕಿದಂತೆ ಆಗುತ್ತದೆ. ಊರಿನ ಹೆಸರು ಸಿಗಬೇಕಾದದ್ದು ಸೇನೆಯ ಕಾಗದದಲ್ಲಿ. ನಿಮ್ಮ ಮೂರು ಕಾಗದಗಳಲ್ಲಿ ತೂಕವಿರುವುದು ‘102’ ಎಂಬ ಅಂಕಿಗೆ.

ಲೆಕ್ಕ ಹೀಗೆ. 1868ಕ್ಕೆ 41 ಎಂದರೆ ಹುಟ್ಟಿದ್ದು 1827ರ ಆಸುಪಾಸು. ಪಿಂಚಣಿ ಬರುವಷ್ಟು ಸೇವೆ ಆಗಿದೆ ಎಂದರೆ ಸೇನೆಗೆ ಸೇರಿದ್ದು ಸುಮಾರು 1845ರಿಂದ 1850ರ ನಡುವೆ, ಅಂದರೆ ಆಲೂಗಡ್ಡೆ ಬೆಳೆ ಕೊಳೆತು ಮಹಾಕ್ಷಾಮ ಬಂದ ವರ್ಷಗಳಲ್ಲಿ. ಆಗ ‘102ನೇ ರೆಜಿಮೆಂಟ್’ ಎಂಬುದೇ ಇರಲಿಲ್ಲ. ಅದು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಯುರೋಪಿಯನ್ ಪಡೆ. ಕಂಪನಿ ಸರ್ಕಾರ ಹೋದ ಮೇಲೆ 1862ರಲ್ಲಿ ಬ್ರಿಟಿಷ್ ಸೇನೆಯ 102ನೇ ರೆಜಿಮೆಂಟ್ ಆಯಿತು, 1881ರಲ್ಲಿ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್‌ನ ಮೊದಲ ಬೆಟಾಲಿಯನ್ ಆಯಿತು, 1922ರಲ್ಲಿ ವಿಸರ್ಜನೆಯಾಯಿತು. ಹಾಗಾಗಿ ಒಬ್ಬನೇ ಸಿಪಾಯಿಯ ಕಾಗದ ಎರಡು ಕಡೆ ಹಂಚಿಹೋಗಿದೆ. ಕಂಪನಿ ಕಾಲದ್ದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ, ಆಮೇಲಿನದು ಲಂಡನ್ನಿನ ಕ್ಯೂ ಎಂಬ ಬಡಾವಣೆಯಲ್ಲಿರುವ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಯುದ್ಧ ಇಲಾಖೆ ಕಡತಗಳಲ್ಲಿ. ಹೆಚ್ಚಿನವರು ಎರಡನೆಯದನ್ನಷ್ಟೇ ಹುಡುಕಿ ‘ಹೆಸರೇ ಇಲ್ಲ’ ಎಂದು ಕೈಬಿಡುತ್ತಾರೆ.

ಶುರು ಮಾಡಬೇಕಾದದ್ದು ಫಿಬಿಸ್‌ನ ಜಾಲತಾಣದಲ್ಲಿ. ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗಾಗಿಯೇ ಇರುವ ಸಂಘ ಅದು, ಸರ್‌ನೇಮ್ ಹುಡುಕಾಟ ಉಚಿತ. ಅಲ್ಲಿ ಕಡತ ಸಂಖ್ಯೆ ಸಿಕ್ಕರೆ ಮೂಲಕ್ಕೆ ಹೋಗಿ. ಇಂಡಿಯಾ ಆಫೀಸ್ ದಾಖಲೆಗಳ ಎಲ್/ಮಿಲ್/9 ಎಂಬ ಕಡತ ಸಾಲಿನಲ್ಲಿ ಕಂಪನಿ ಭರ್ತಿ ಮಾಡಿಕೊಂಡವರ ಮತ್ತು ಹಡಗು ಹತ್ತಿದವರ ಪಟ್ಟಿಗಳಿವೆ. ಎಲ್/ಮಿಲ್/11 ಸಾಲಿನಲ್ಲಿ ಮದ್ರಾಸ್ ಸೇನೆಯ ಯುರೋಪಿಯನ್ ಸಿಪಾಯಿಗಳ ರಿಜಿಸ್ಟರು, ಮಸ್ಟರ್ ರೋಲುಗಳು (ಹಾಜರಿ ಪಟ್ಟಿಗಳು) ಇವೆ. ಸೇರಿದ ವರ್ಷ, ಹಿಂದಿನ ಕಸುಬು, ಬಂದ ಹಡಗು, ಹುಟ್ಟಿದ ಕೌಂಟಿ, ಅದೃಷ್ಟವಿದ್ದರೆ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ), ಇವೆಲ್ಲ ಒಂದೇ ಸಾಲಿನಲ್ಲಿ ಸಿಗುವುದು ಇಲ್ಲೇ.

1862ರ ನಂತರದ್ದಕ್ಕೆ ಯುದ್ಧ ಇಲಾಖೆಯ ಡಬ್ಲ್ಯು.ಒ. 12 ಎಂಬ ಮಸ್ಟರ್ ಪುಸ್ತಕಗಳನ್ನು ನೋಡಿ. ಅದರಲ್ಲಿ ಸಿಪಾಯಿ ರೆಜಿಮೆಂಟ್ ಬಿಟ್ಟ ತ್ರೈಮಾಸಿಕವನ್ನೇ ತೆಗೆಯಿರಿ. ನಡುವಿನ ವರ್ಷಗಳಲ್ಲಿ ಸಂಬಳದ ಲೆಕ್ಕ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಬಿಡುಗಡೆಯಾದಾಗ ಅಥವಾ ಸತ್ತಾಗ ಬರೆದ ಕೊನೆಯ ನಮೂದಿನಲ್ಲಿ ಹುಟ್ಟಿದ ಸ್ಥಳ, ಕಸುಬು, ಸೇರಿದ ದಿನಾಂಕ ಇರುವುದುಂಟು. ಡಬ್ಲ್ಯು.ಒ. 97 ಎಂಬುದು ಪಿಂಚಣಿ ಪಡೆದು ಬಿಡುಗಡೆಯಾದವರ ಕಾಗದ. ‘ಇಂಥ ಪ್ಯಾರಿಷ್, ಇಂಥ ಪಟ್ಟಣದ ಹತ್ತಿರ, ಇಂಥ ಕೌಂಟಿ’ ಎಂದು ಮೂರೂ ಬರೆಯುವ ನಮೂನೆ ಅದು. ಸೇವೆಯಲ್ಲೇ ಸತ್ತವರದು ಇದರಲ್ಲಿ ಇರುವುದಿಲ್ಲ. ನಿಮ್ಮವರು ಪಿಂಚಣಿದಾರ, ಆದ್ದರಿಂದ ಪ್ರಯತ್ನಿಸಲೇಬೇಕು. 1854ರವರೆಗಿನವು ಆರ್ಕೈವ್ಸ್‌ನ ಸೂಚಿಯಲ್ಲಿ ಹೆಸರು, ಹುಟ್ಟಿದ ಊರು ಸಮೇತ ಉಚಿತವಾಗಿ ಸಿಗುತ್ತವೆ. ನಿಮಗೆ ಬೇಕಾದ 1860ರ ದಶಕದ್ದಕ್ಕೆ ಫೈಂಡ್‌ಮೈಪಾಸ್ಟ್ ಎಂಬ ವಂಶಾವಳಿ ತಾಣದ ಚಂದಾ ಬೇಕು.

ಇನ್ನು ಚರ್ಚಿನ ದಾಖಲೆ. ನಿಮ್ಮ ಕೈಯಲ್ಲಿರುವ ನಕಲು ಚರ್ಚಿನ ಮೂಲ ರಿಜಿಸ್ಟರಿನದೋ, ಲಂಡನ್ನಿಗೆ ಹೋದ ಪ್ರತಿಯದೋ ನೋಡಿಕೊಳ್ಳಿ. ಮದ್ರಾಸ್ ಪ್ರೆಸಿಡೆನ್ಸಿಯ ಜ್ಞಾನಸ್ನಾನ, ಮದುವೆ, ಸಮಾಧಿ ನಮೂದುಗಳ ಪ್ರತಿಗಳು ಎನ್/2 ಸಾಲಿನಲ್ಲಿವೆ. ಪ್ರತಿ ಮಾಡುವ ಗುಮಾಸ್ತ ಕಾಲಂ ಬಿಟ್ಟಿರುತ್ತಾನೆ, ಅಕ್ಷರ ಬದಲಿಸಿರುತ್ತಾನೆ. ಕ್ಯಾಥೊಲಿಕ್ ಚರ್ಚುಗಳ ಪ್ರತಿಗಳಂತೂ ಪೂರ್ತಿಯಾಗಿ ಹೋಗಿಲ್ಲ. ಆದ್ದರಿಂದ ಮೂಲ ರಿಜಿಸ್ಟರನ್ನೇ ನೋಡಬೇಕು. ಸೇಂಟ್ ಪ್ಯಾಟ್ರಿಕ್ಸ್ ಆಗಲಿ, ಶಿವಾಜಿನಗರದ ಸೇಂಟ್ ಮೇರಿ ಆಗಲಿ, ಆಯಾ ಧರ್ಮಕೇಂದ್ರದ ಗುರುಗಳಿಗೆ ವರ್ಷ, ತಿಂಗಳು ಸಮೇತ ಲಿಖಿತ ಮನವಿ ಕೊಡಿ. ರಿಜಿಸ್ಟರು ದಿನಾಂಕದ ಕ್ರಮದಲ್ಲಿರುತ್ತದೆ, ‘ಗೆರಟಿ ಹೆಸರಿನದೆಲ್ಲ ಕೊಡಿ’ ಎಂದರೆ ಯಾರೂ ಹುಡುಕಿಕೊಡಲಾರರು. ಬೆಂಗಳೂರು ಪ್ರತ್ಯೇಕ ಧರ್ಮಕ್ಷೇತ್ರ ಆದದ್ದು 1940ರಲ್ಲಿ. ಅದಕ್ಕೂ ಮುಂಚೆ ಮೈಸೂರು ಧರ್ಮಕ್ಷೇತ್ರಕ್ಕೆ ಸೇರಿತ್ತು. ಆಡಳಿತದ ಹಳೆಯ ಪತ್ರಗಳು ಬೇಕಾದರೆ ಮೈಸೂರಿನಲ್ಲೂ ವಿಚಾರಿಸಬೇಕಾಗುತ್ತದೆ.

ಮೂಲ ಪುಟ ಸಿಕ್ಕಾಗ ವರನ ಸಾಲಿಗಷ್ಟೇ ನಿಲ್ಲಬೇಡಿ. ಮದುವೆಯ ಸಾಕ್ಷಿಗಳು, ಮಗುವಿನ ಜ್ಞಾನತಂದೆ, ಜ್ಞಾನತಾಯಿ ಯಾರು ಎಂದು ಬರೆದುಕೊಳ್ಳಿ. ರೆಜಿಮೆಂಟಿನ ಒಂದೇ ತುಕಡಿಯಲ್ಲಿದ್ದವರು, ಎಷ್ಟೋ ಸಲ ಒಂದೇ ಕೌಂಟಿಯಿಂದ ಒಟ್ಟಿಗೆ ಭರ್ತಿಯಾದವರು ಅವರು. ಗೆರಟಿಯ ಕಾಗದದಲ್ಲಿ ಊರು ಇಲ್ಲದಿದ್ದರೆ ಸಾಕ್ಷಿಯ ಕಾಗದದಲ್ಲಿ ಇರಬಹುದು.

ಅಕ್ಷರ ಜಾಡು

ಮೊದಲ ಪ್ರಶ್ನೆಗೆ ಉತ್ತರ: ಒಂದೇ ಹೆಸರು. ಎರಡು ಬೇರೆ ಕಿವಿಗಳು ಕೇಳಿಸಿಕೊಂಡದ್ದು, ಅಷ್ಟೇ. ಒಂದೇ ಗೌಡರ ಮನೆಯಲ್ಲಿ ಅಣ್ಣ ‘ಡಬ್ಲ್ಯು’ ಹಾಕಿ, ತಮ್ಮ ‘ಯು’ ಹಾಕಿ ಬರೆಯುವುದಿಲ್ಲವೇ, ಹಾಗೆ. ಬೆಂಗಳೂರಿನ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಮೈಸೂರು ಸೀಮೆಯ ಕ್ಯಾಥೊಲಿಕ್ ಮಿಷನ್ನಿನಲ್ಲಿ ಆಗ ಇದ್ದವರು ಫ್ರೆಂಚ್ ಪಾದ್ರಿಗಳು. ಓದು ಬರಹ ಬಾರದ ಐರಿಷ್ ಸಿಪಾಯಿ ತನ್ನ ಉಚ್ಚಾರದಲ್ಲಿ ಹೇಳಿದ ಹೆಸರನ್ನು ಫ್ರೆಂಚ್ ಪಾದ್ರಿ ತನ್ನ ಕಾಗುಣಿತದಲ್ಲಿ ಬರೆದುಕೊಂಡರೆ ಎಲ್ಲ ಅಕ್ಷರ ಉಳಿಯುವುದು ಹೇಗೆ?

ಹೆಸರಿನ ಮೂಲ ಐರಿಷ್ ಭಾಷೆಯ ‘ಮಾಗ್ ಓರೆಖ್ಟಿ’. ‘ಮಾಕ್’ (ಇಂಗ್ಲಿಷ್ ಬರಹದ ‘ಮೆಕ್’) ಎಂದರೆ ಮಗ. ಮುಂದೆ ಸ್ವರ ಬಂದರೆ ಅದು ‘ಮಾಗ್’ ಆಗುತ್ತದೆ. ಕಾಲಕ್ರಮದಲ್ಲಿ ‘ಮಾ’ ಉದುರಿ ‘ಗ್’ ಮಾತ್ರ ಹೆಸರಿಗೆ ಅಂಟಿಕೊಂಡಿತು. ಗೆರಟಿಯ ಮೊದಲ ‘ಗ’ ಹೀಗೆ ಬಂದದ್ದು. ನಮ್ಮ ಸಂಧಿಯಂತೆಯೇ. ಉಳಿದ ಭಾಗದ ಅರ್ಥ ಸಭೆಗೆ ಸಂಬಂಧಿಸಿದವನು ಎಂದು. ಇಂದಿನ ಐರಿಷ್ ಸಂಸತ್ತಿನ ಹೆಸರು ‘ಇರಾಖ್ತಸ್’ ಕೂಡ ಅದೇ ಬೇರಿನದು. ಮನೆತನದ ನೆಲೆ ರಾಸ್‌ಕಾಮನ್, ಗಾಲ್ವೇ. ಬೈಬಲಿನ ಟಿಪ್ಪಣಿಗೂ ಇದು ಹೊಂದುತ್ತದೆ.

ಈಗ ಹುಡುಕಾಟದ ತೊಡಕು. ಹಲವು ತಾಣಗಳು ‘ಹೋಲುವ ಹೆಸರು’ ಎಂದಾಗ ಸೌಂಡೆಕ್ಸ್ ಎಂಬ ಸಂಕೇತವನ್ನು ಬಳಸುತ್ತವೆ: ಮೊದಲ ಅಕ್ಷರ, ಜೊತೆಗೆ ವ್ಯಂಜನಗಳಿಗೆ ಮೂರು ಅಂಕಿ. ಗೆರಟಿಯ ನಡುವಿನ ‘ಜಿ’ ಬಾಯಲ್ಲಿ ಕೇಳಿಸದಿದ್ದರೂ ಸಂಕೇತದಲ್ಲಿ ಎಣಿಕೆಯಾಗುತ್ತದೆ, ಹಾಗಾಗಿ ಅದರ ಸಂಕೇತ ಜಿ-623. ಗ್ಯಾರಿಟಿಯದು ಜಿ-630. ಅಂದರೆ ಒಂದನ್ನು ಕೊಟ್ಟರೆ ಯಂತ್ರ ಇನ್ನೊಂದನ್ನು ತೋರಿಸುವುದೇ ಇಲ್ಲ! ‘ಮೆಕ್’ ಸೇರಿಸಿ ಬರೆದಿದ್ದರೆ ಸಂಕೇತದ ಮೊದಲ ಅಕ್ಷರವೇ ‘ಎಂ’ ಆಗಿಬಿಡುತ್ತದೆ.

ಆದ್ದರಿಂದ ನಕ್ಷತ್ರ ಚಿಹ್ನೆ ಬಳಸಿ ಕೈಯಾರೆ ಹುಡುಕಿ. ‘ಜಿ-ಇ-ಆರ್’ ಬರೆದು ನಕ್ಷತ್ರ ಹಾಕಿ ಕೊನೆಗೆ ‘ಟಿ-ವೈ’ ಕೊಡಿ. ಆಮೇಲೆ ‘ಜಿ-ಎ-ಆರ್’ ಇಟ್ಟು ಅದೇ ರೀತಿ, ಮತ್ತೆ ‘ಜಿ-ಇ-ಎ’ ಇಟ್ಟು ಅದೇ ರೀತಿ. ಈ ಮೂರರಲ್ಲಿ ಮುಖ್ಯ ರೂಪಗಳೆಲ್ಲ ಬರುತ್ತವೆ. ಬರೀ ‘ಜಿ, ನಕ್ಷತ್ರ, ಆರ್, ನಕ್ಷತ್ರ, ಟಿ, ನಕ್ಷತ್ರ’ ಎಂದು ಬಲೆ ಬೀಸಿದರೆ ಗ್ರಾಂಟ್, ಗಿಲ್ಬರ್ಟ್, ಗ್ಯಾರೆಟ್ ಎಲ್ಲ ತುಂಬಿಕೊಳ್ಳುತ್ತಾರೆ. ‘ಮೆಕ್’ ಸಮೇತ ಹುಡುಕುವಾಗ ಮೆಕ್‌ಗ್ರೋರ್ಟಿಯನ್ನು ಬಿಡಿ. ಅದು ಡೊನೆಗಾಲ್ ಕಡೆಯ ಬೇರೆಯೇ ಮನೆತನ.

ಯಾವ ದಾಖಲೆಯಲ್ಲಿ ಯಾವ ರೂಪ ಇತ್ತು ಎಂಬುದನ್ನು ಮೂಲದಲ್ಲಿದ್ದಂತೆಯೇ ಬರೆದಿಡಿ. ನೀವಾಗಿ ತಿದ್ದಿ ಒಂದೇ ಕಾಗುಣಿತಕ್ಕೆ ತಂದರೆ ಮುಂದೆ ನಿಮಗೇ ಮೂಲ ಸಿಗದು.

ದಂಡಿನ ದಾಖಲೆ

ಇಬ್ಬರಿಗೂ ತುಂಬ ಧನ್ಯವಾದ. ‘ಜಿ-ಎ-ಆರ್’ ಇಟ್ಟು ಹುಡುಕಿದಾಗ ಮದ್ರಾಸ್ ಪಡೆಯ ಪಟ್ಟಿಯಲ್ಲಿ ಒಂದು ನಮೂದು ಸಿಕ್ಕಿತು. ಮೊದಲ ಹೆಸರು ಹೊಂದುತ್ತದೆ, ಸೇರಿದ್ದು 1847, ಹಿಂದಿನ ಕಸುಬು ಕೂಲಿ, ಊರು ‘ಎಲ್ಫಿನ್, ರಾಸ್‌ಕಾಮನ್’. ಇನ್ನು ಐರ್ಲೆಂಡಿಗೆ ಹೋಗಬಹುದೇ? ಅಲ್ಲಿನ ದಾಖಲೆಯೆಲ್ಲ 1922ರಲ್ಲಿ ಸುಟ್ಟುಹೋಯಿತು ಎಂದು ಓದಿದ್ದೆ.

ಪಹಣಿ ಪುಟ

ಎಲ್ಲವೂ ಸುಡಲಿಲ್ಲ, ಸರ್. ಅಂತರ್ಯುದ್ಧದಲ್ಲಿ 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿದ್ದ ದಾಖಲೆ ಭಂಡಾರ ನಾಶವಾಯಿತು. 1821ರಿಂದ 1851ರವರೆಗಿನ ಜನಗಣತಿಗಳು ಬಹುಪಾಲು ಅದರಲ್ಲೇ ಹೋದವು. 1861ರಿಂದ 1891ರವರೆಗಿನವನ್ನು ಸರ್ಕಾರವೇ ಅದಕ್ಕೆ ಮುಂಚೆ ನಾಶಮಾಡಿತ್ತು. ಕ್ಯಾಥೊಲಿಕ್ ಚರ್ಚಿನ ರಿಜಿಸ್ಟರುಗಳು ಆಯಾ ಪ್ಯಾರಿಷ್‌ಗಳಲ್ಲೇ ಇದ್ದುದರಿಂದ ಬೆಂಕಿಗೆ ಸಿಗಲಿಲ್ಲ. ನಿಮಗೆ ಬೇಕಾದದ್ದು ಅವೇ.

ಐರ್ಲೆಂಡಿನ ನೆಲದ ಲೆಕ್ಕ ಮೊದಲು ತಿಳಿದುಕೊಳ್ಳಿ. ಕೌಂಟಿ ನಮ್ಮ ಜಿಲ್ಲೆ ಇದ್ದಂತೆ, ಅದರೊಳಗೆ ಬ್ಯಾರನಿ, ಅದರ ಕೆಳಗೆ ಸಿವಿಲ್ ಪ್ಯಾರಿಷ್ (ಸರ್ಕಾರಿ ಲೆಕ್ಕದ ಪ್ಯಾರಿಷ್), ಎಲ್ಲಕ್ಕಿಂತ ಕೆಳಗೆ ಟೌನ್‌ಲ್ಯಾಂಡ್. ಹೆಸರಿನಲ್ಲಿ ‘ಟೌನ್’ ಇದ್ದರೂ ಅದು ಪಟ್ಟಣವಲ್ಲ, ಹೊಲಗದ್ದೆ ಮನೆ ಸೇರಿದ ಸಣ್ಣ ಭೂಘಟಕ. ದ್ವೀಪದಲ್ಲಿ ಇಂಥವು 60 ಸಾವಿರಕ್ಕೂ ಹೆಚ್ಚು. ಒಂದು ಕುಟುಂಬವನ್ನು ಮತ್ತೊಂದರಿಂದ ಬೇರ್ಪಡಿಸುವುದು ಟೌನ್‌ಲ್ಯಾಂಡೇ. ನಿಮ್ಮ ‘ಎಲ್ಫಿನ್’ ಪಟ್ಟಣದ ಹೆಸರೂ ಹೌದು, ಪ್ಯಾರಿಷ್‌ನ ಹೆಸರೂ ಹೌದು, ಧರ್ಮಕ್ಷೇತ್ರದ ಹೆಸರೂ ಹೌದು. ಭರ್ತಿ ಗುಮಾಸ್ತ ಬರೆದದ್ದು ಹತ್ತಿರದ ಸಂತೆ ಊರಿನ ಹೆಸರೂ ಆಗಿರಬಹುದು. ಆದ್ದರಿಂದ ಸುತ್ತಲಿನ ಪ್ಯಾರಿಷ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಿವಿಲ್ ಪ್ಯಾರಿಷ್ ಮತ್ತು ಕ್ಯಾಥೊಲಿಕ್ ಪ್ಯಾರಿಷ್ ಗಡಿಗಳು ಒಂದೇ ಅಲ್ಲ ಎಂಬುದೂ ನೆನಪಿರಲಿ. ತಪ್ಪು ರಿಜಿಸ್ಟರಿನಲ್ಲಿ ದಿನಗಟ್ಟಲೆ ಕೂರುವವರು ಎಡವುವುದು ಇಲ್ಲೇ.

ಜ್ಞಾನಸ್ನಾನದ ರಿಜಿಸ್ಟರಿಗೆ ಐರ್ಲೆಂಡಿನ ನ್ಯಾಷನಲ್ ಲೈಬ್ರರಿಯ ತಾಣಕ್ಕೆ ಹೋಗಿ. ಸುಮಾರು 1880ರವರೆಗಿನ ಮೈಕ್ರೊಫಿಲ್ಮ್ ಚಿತ್ರಗಳು 2015ರಿಂದ ಉಚಿತವಾಗಿವೆ. ಚಿತ್ರಗಳಷ್ಟೇ, ಹೆಸರಿನ ಸೂಚಿ ಅಲ್ಲಿಲ್ಲ. ಸೂಚಿ ಫೈಂಡ್‌ಮೈಪಾಸ್ಟ್ ಮತ್ತು ಆನ್ಸೆಸ್ಟ್ರಿಯಲ್ಲಿದೆ. ಪಶ್ಚಿಮದ ಕೌಂಟಿಗಳಲ್ಲಿ ಬಹಳಷ್ಟು ರಿಜಿಸ್ಟರುಗಳು ಶುರುವಾಗುವುದೇ 1820ರ ನಂತರ, ನಡುನಡುವೆ ವರ್ಷಗಳೇ ಇಲ್ಲ. ವಯಸ್ಸನ್ನು ನಂಬಬೇಡಿ. ಭರ್ತಿಗಾಗಿ ಹೆಚ್ಚಿಸಿ ಹೇಳುವುದು, ಮದುವೆಗಾಗಿ ಇಳಿಸಿ ಹೇಳುವುದು ಎರಡೂ ಇತ್ತು. 1822ರಿಂದ 1832ರವರೆಗೆ ಹತ್ತು ವರ್ಷ ನೋಡಿ. ಬರಹ ಲ್ಯಾಟಿನ್‌ನಲ್ಲಿದ್ದರೆ ಜೇಮ್ಸ್ ‘ಯಾಕೋಬಸ್’ ಆಗಿರುತ್ತಾನೆ, ವಿಲಿಯಂ ‘ಗುಲಿಯೆಲ್ಮಸ್’. ತಾಯಿಯ ತವರಿನ ಸರ್‌ನೇಮ್ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಮದುವೆ ಕಾಗದದಲ್ಲಿ ನಿಮಗೆ ಸಿಗದೇ ಹೋದದ್ದು.

ಊರಲ್ಲೇ ಉಳಿದವರನ್ನು ಹಿಡಿಯಲು ಗ್ರಿಫಿತ್ಸ್ ವ್ಯಾಲ್ಯುಯೇಶನ್ ಇದೆ. 1847ರಿಂದ 1864ರ ನಡುವೆ ಇಡೀ ದ್ವೀಪಕ್ಕೆ ಮಾಡಿದ ಆಸ್ತಿ ಮೌಲ್ಯಮಾಪನ. ನಮ್ಮ ಪಹಣಿ ನೋಡಿದವರಿಗೆ ಅರ್ಥವಾಗುವುದು ಸುಲಭ: ಅನುಭವದಲ್ಲಿರುವವನು, ಗುತ್ತಿಗೆ ಕೊಟ್ಟ ಒಡೆಯ, ಹಿಡುವಳಿಯ ವಿವರ, ವಿಸ್ತೀರ್ಣ, ಮೌಲ್ಯ, ಜೊತೆಗೆ ಸರ್ವೆ ನಂಬರಿನಂತೆ ನಕ್ಷೆಯ ಸಂಖ್ಯೆ. ‘ಆಸ್ಕ್ ಅಬೌಟ್ ಐರ್ಲೆಂಡ್’ ತಾಣದಲ್ಲಿ ನಕ್ಷೆ ಸಮೇತ ಉಚಿತ. ಆದರೆ ಮನೆಯ ಯಜಮಾನನ ಹೆಸರು ಮಾತ್ರ ಇರುತ್ತದೆ. ಹೆಂಡತಿ, ಮಕ್ಕಳು, ಆಳುಗಳು ಇಲ್ಲ. ಅದಕ್ಕೂ ಹಿಂದಿನ ಪೀಳಿಗೆಗೆ 1823ರಿಂದ 1837ರ ನಡುವಿನ ಟೈದ್ (ಚರ್ಚಿಗೆ ಕೊಡಬೇಕಿದ್ದ) ತೆರಿಗೆ ಪುಸ್ತಕಗಳಿವೆ. ಗ್ರಿಫಿತ್ಸ್ ನಂತರದ ಬದಲಾವಣೆಗಳು, ಅಂದರೆ ನಮ್ಮ ಮ್ಯುಟೇಶನ್ ರಿಜಿಸ್ಟರಿನಂಥವು, ಪರಿಷ್ಕರಣ ಪುಸ್ತಕಗಳಲ್ಲಿ ಬಣ್ಣಬಣ್ಣದ ಶಾಯಿಯಲ್ಲಿವೆ. ಹಳೆಯ ಹೆಸರು ಹೊಡೆದು ಹೊಸ ಹೆಸರು ಬರೆದ ವರ್ಷ ನೋಡಿದರೆ, ಒಬ್ಬ ಸತ್ತ ಅಥವಾ ಊರು ಬಿಟ್ಟ ಕಾಲದ ಅಂದಾಜು ಸಿಗುತ್ತದೆ.

ಎಲ್ಫಿನ್ ಆದ್ದರಿಂದ ನಿಮಗೊಂದು ಭಾಗ್ಯವಿದೆ, ಐರ್ಲೆಂಡಿನ ಹೆಚ್ಚಿನ ಕಡೆಯವರಿಗೆ ಇಲ್ಲದ್ದು. ಪ್ರಾಟೆಸ್ಟೆಂಟ್ ಪಂಗಡವಾದ ಚರ್ಚ್ ಆಫ್ ಐರ್ಲೆಂಡಿನ ಬಿಷಪ್ ಎಡ್ವರ್ಡ್ ಸಿಂಜ್ 1749ರಲ್ಲಿ ಎಲ್ಫಿನ್ ಧರ್ಮಕ್ಷೇತ್ರದ ಮನೆಮನೆ ಎಣಿಕೆ ಮಾಡಿಸಿದ್ದ. ಯಜಮಾನನ ಹೆಸರು, ಧರ್ಮ, ಕಸುಬು, ಮಕ್ಕಳ ಮತ್ತು ಆಳುಗಳ ಸಂಖ್ಯೆ ಎಲ್ಲ ಇದೆ, ಊರುವಾರು. ಅದು ಉಳಿದುಬಂದಿದೆ. ನೇರ ಕೊಂಡಿ ಕಟ್ಟಲಾಗದಿದ್ದರೂ ಗೆರಟಿಗಳು ಯಾವ ಟೌನ್‌ಲ್ಯಾಂಡ್‌ಗಳಲ್ಲಿ ಗುಂಪಾಗಿದ್ದರು ಎಂಬುದು ಕಣ್ಣಿಗೆ ಕಾಣುತ್ತದೆ.

ಸಿವಿಲ್ ನೋಂದಣಿ ಎಲ್ಲರಿಗೂ ಶುರುವಾದದ್ದು 1864ರಲ್ಲಿ. ನಿಮ್ಮವರು ಅಷ್ಟರಲ್ಲಿ ಇಲ್ಲಿದ್ದರು, ಅವರ ಒಡಹುಟ್ಟಿದವರಿಗೆ ಮಾತ್ರ ಉಪಯೋಗ. ಅದರಲ್ಲೂ ಮದುವೆ ದಾಖಲೆಯನ್ನೇ ಆರಿಸಿಕೊಳ್ಳಿ, ತಂದೆಯ ಹೆಸರು ಅದರಲ್ಲಿ ಇರುತ್ತದೆ. ಆ ಕಾಲದ ಮರಣ ದಾಖಲೆಯಲ್ಲಿ ತಂದೆತಾಯಿ ಹೆಸರು ಇರುವುದಿಲ್ಲ. ಐರಿಷ್ ಜೀನಿಯಾಲಜಿ ಸರ್ಕಾರಿ ತಾಣದಲ್ಲಿ ಮೂಲ ಪುಟದ ಚಿತ್ರಗಳು ಉಚಿತ.

ಇನ್ನೊಂದು ಮಾತು. 70 ದಾಟಿದವರಿಗೆ ವೃದ್ಧಾಪ್ಯ ಪಿಂಚಣಿ 1909ರಲ್ಲಿ ಶುರುವಾದಾಗ, ವಯಸ್ಸಿನ ಪುರಾವೆಗಾಗಿ ಜನ 1841, 1851ರ ಜನಗಣತಿಯಿಂದ ಶೋಧ ಮಾಡಿಸಿದರು. ಆ ಗಣತಿ ಸುಟ್ಟುಹೋಯಿತು, ಶೋಧದ ಅರ್ಜಿಗಳು ಉಳಿದವು. ಅರ್ಜಿದಾರರ ತಂದೆತಾಯಿ ಹೆಸರು, ಟೌನ್‌ಲ್ಯಾಂಡ್ ಅವುಗಳಲ್ಲಿ ಇದೆ. ನಿಮ್ಮವರ ಕಿರಿಯ ತಮ್ಮನೋ ತಂಗಿಯೋ ಅರ್ಜಿ ಹಾಕಿದ್ದರೆ ಕೆಲಸ ಅರ್ಧ ಮುಗಿದಂತೆ. ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಹುಡುಕಬಹುದು, ದುಡ್ಡಿಲ್ಲ.

ಹಳೇ ಪತ್ರಿಕೆ

ಪತ್ರಿಕೆ ತಾಣದ ಚಂದಾ ವಿಷಯ. ಟೌನ್‌ಲ್ಯಾಂಡ್ ಸಿಗುವವರೆಗೆ ಕಟ್ಟಬೇಡಿ. ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕುವುದು ಉಚಿತ, ಒಂದೆರಡು ಸಾಲಿನ ತುಣುಕು ಕಾಣುತ್ತದೆ, ಪುಟ ತೆರೆಯಲು ಮಾತ್ರ ದುಡ್ಡು. ತುಣುಕು ನೋಡಿ ಪಟ್ಟಿ ಮಾಡಿಟ್ಟುಕೊಂಡು, ಒಂದೇ ತಿಂಗಳ ಚಂದಾದಲ್ಲಿ ಎಲ್ಲ ಪುಟ ತೆಗೆಯಿರಿ. ಐರಿಷ್ ನ್ಯೂಸ್‌ಪೇಪರ್ ಆರ್ಕೈವ್ಸ್ ಬೇರೆ ತಾಣ. ಎರಡರಲ್ಲೂ ಒಂದೇ ಪತ್ರಿಕೆಗಳಿಲ್ಲ, ನಿಮಗೆ ಬೇಕಾದ ರಾಸ್‌ಕಾಮನ್ ಪತ್ರಿಕೆಯ ಬೇಕಾದ ವರ್ಷ ಯಾವುದರಲ್ಲಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಸಾಮಾನ್ಯ ಸಿಪಾಯಿಯ ಹೆಸರನ್ನು ಜನನ-ಮದುವೆ-ಮರಣ ಅಂಕಣದಲ್ಲಿ ಹುಡುಕಿ ನಿರಾಶರಾಗಬೇಡಿ, ಅದು ಬಹುತೇಕ ಅಧಿಕಾರಿಗಳ, ವ್ಯಾಪಾರಸ್ಥರ ಅಂಕಣ. ಕೂಲಿಕಾರರ, ಗೇಣಿದಾರರ ಹೆಸರು ಬರುವುದು ಬೇರೆ ಕಡೆ: ಸಣ್ಣ ಪ್ರಕರಣಗಳ ಪೆಟ್ಟಿ ಸೆಷನ್ಸ್ ಕೋರ್ಟಿನ ವರದಿಗಳಲ್ಲಿ, ಒಕ್ಕಲೆಬ್ಬಿಸಿದ ಸುದ್ದಿಯಲ್ಲಿ, ಅನುಮಾನಾಸ್ಪದ ಸಾವಿನ ವಿಚಾರಣೆಯಲ್ಲಿ, ಚರ್ಚಿಗೆ ಚಂದಾ ಕೊಟ್ಟವರ ಪಟ್ಟಿಯಲ್ಲಿ. ಇವುಗಳನ್ನು ಹಿಡಿಯಲು ಸರ್‌ನೇಮ್‌ಗಿಂತ ಟೌನ್‌ಲ್ಯಾಂಡ್ ಹೆಸರು ಒಳ್ಳೆಯ ಕೀಲಿ. ‘ಎಲ್ಫಿನ್’ ಮತ್ತು ‘ಬ್ಯಾಂಗಲೋರ್’ ಎರಡನ್ನೂ ಒಟ್ಟಿಗೆ ಕೊಟ್ಟು ಸರ್‌ನೇಮ್ ಬಿಟ್ಟು ಹುಡುಕಿ ನೋಡಿ. ಫಲಿತಾಂಶ ಕಡಿಮೆ ಬರುತ್ತದೆ, ಒಂದೊಂದನ್ನೂ ಓದಬಹುದು.

ಸರ್‌ನೇಮ್ ತಪ್ಪಿಹೋಗಲು ಕಾರಣ ಯಂತ್ರದ ಓದು, ಅಂದರೆ ಪುಟದ ಚಿತ್ರವನ್ನು ಕಂಪ್ಯೂಟರೇ ಅಕ್ಷರವಾಗಿ ಓದಿಕೊಳ್ಳುವುದು. ಹಳೇ ಅಚ್ಚಿನಲ್ಲಿ ‘ಇ’ ಅಕ್ಷರ ‘ಸಿ’ ಆಗುತ್ತದೆ, ‘ಎಚ್’ ಹೋಗಿ ‘ಬಿ’ ಆಗುತ್ತದೆ, ‘ಆರ್-ಎನ್’ ಸೇರಿ ‘ಎಂ’ ಆಗುತ್ತದೆ. ಗೆರಟಿ ‘ಜಿ-ಸಿ-ಆರ್’ ಎಂದು ಶುರುವಾಗಿ ಕೂತಿರಬಹುದು. ಸಾಲಿನ ಕೊನೆಯಲ್ಲಿ ಹೆಸರು ಎರಡಾಗಿ ಮುರಿದಿದ್ದರೆ ಬರೀ ‘ಜಿ-ಎಚ್-ಟಿ-ವೈ’ ಎಂಬ ಬಾಲ ಕೊಟ್ಟರೆ ಸಿಗುವ ಸಾಧ್ಯತೆ ಇದೆ. ‘ಓ’ ಪೂರ್ವಪದದ (ಓ’ಬ್ರಯನ್ ಥರದ) ಹೆಸರು ಹುಡುಕುವವರಿಗೂ ಹೇಳಿಬಿಡುತ್ತೇನೆ: ಅಲ್ಪವಿರಾಮದಂಥ ಆ ಚಿಹ್ನೆಯಿಂದಾಗಿ ‘ಓ’ ಬೇರೆ ಪದವಾಗಿಯೋ ಸೊನ್ನೆಯಾಗಿಯೋ ದಾಖಲಾಗಿರುತ್ತದೆ. ಉಳಿದ ಭಾಗ ಮಾತ್ರ ಕೊಡಿ.

ಇಲ್ಲಿಂದ ಹೋದ ಸುದ್ದಿ ಅಲ್ಲಿ ಅಚ್ಚಾಗಲು ವಾರಗಳೇ ಬೇಕಿತ್ತು. ಬೆಂಗಳೂರಿನಲ್ಲಿ ಸಾವು ಮಾರ್ಚ್‌ನಲ್ಲಾಗಿದ್ದರೆ ಐರಿಷ್ ಪತ್ರಿಕೆಯಲ್ಲಿ ಜೂನ್‌ವರೆಗೂ ನೋಡಿ. ಭಾರತದ ಸುದ್ದಿಗಾಗಿಯೇ ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ ಅಲೆನ್ಸ್ ಇಂಡಿಯನ್ ಮೇಲ್ ಪತ್ರಿಕೆ 1843ರಿಂದ 1891ರವರೆಗೆ ಇದೆ. ಮದ್ರಾಸ್ ಮೇಲ್ ಶುರುವಾದದ್ದು 1868ರಲ್ಲಿ, ನಿಮ್ಮ ಮದುವೆಯ ವರ್ಷವೇ. ಪಿಂಚಣಿದಾರ ಏನಾದರೂ ಹಣ ಬಿಟ್ಟು ಸತ್ತಿದ್ದರೆ ಮದ್ರಾಸ್ ಸರ್ಕಾರದ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್‌ನ ಆಸ್ತಿ ಪ್ರಕಟಣೆಗಳನ್ನು ನೋಡಿ, ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ವಿಚಾರಿಸಬೇಕು.

ಕೊನೆಗೆ ಒಂದು ಅನಿರೀಕ್ಷಿತ ಜಾಗ: ಅಮೆರಿಕದ ಬಾಸ್ಟನ್ ಪೈಲಟ್ ಪತ್ರಿಕೆ. 1831ರಿಂದ 1921ರವರೆಗೆ ಅದರಲ್ಲಿ ‘ಕಾಣೆಯಾದ ನೆಂಟರು’ ಎಂಬ ಜಾಹೀರಾತು ಬರುತ್ತಿತ್ತು. ಅಣ್ಣ ತಮ್ಮನನ್ನು, ಹೆಂಡತಿ ಗಂಡನನ್ನು ಹುಡುಕಿ ಹಾಕಿದವು. ಪ್ಯಾರಿಷ್, ಟೌನ್‌ಲ್ಯಾಂಡ್ ಹೆಸರು ಬರೆದು ಹಾಕುತ್ತಿದ್ದರು. ಕ್ಷಾಮದಲ್ಲಿ ಒಬ್ಬ ಮಗ ಕಂಪನಿ ಸೇನೆಗೆ ಬಂದರೆ ಇನ್ನೊಬ್ಬ ಅಮೆರಿಕಕ್ಕೆ ಹೋದ ಮನೆಗಳು ಎಷ್ಟೋ. ಬಾಸ್ಟನ್ ಕಾಲೇಜು ಇದರ ಸೂಚಿ ಮಾಡಿಟ್ಟಿದೆ.

ಕಡತ ಕೋಣೆ

ಎಲ್ಫಿನ್ ರಿಜಿಸ್ಟರು ತೆರೆದಾಗ ಒಂದೇ ಹೆಸರಿನ ಇಬ್ಬರು ಮೂವರು ಹುಡುಗರು ಸಿಗುವುದು ಖಂಡಿತ. ಮೊದಲ ಮಗನಿಗೆ ಅಜ್ಜನ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ವಾಡಿಕೆ ಅಲ್ಲಿ ಬಲವಾಗಿತ್ತು. ಅಣ್ಣತಮ್ಮಂದಿರ ಮಕ್ಕಳಿಗೆಲ್ಲ ಒಂದೇ ಹೆಸರು ಬರುವುದು ಹಾಗೆ. ತಂದೆಯ ಹೆಸರು ಹೊಂದಿತು ಎಂದು ಕೂಡಲೇ ಮರದಲ್ಲಿ ಸೇರಿಸಬೇಡಿ. ಒಬ್ಬೊಬ್ಬನನ್ನೂ ಮುಂದಕ್ಕೆ ಹಿಂಬಾಲಿಸಿ. 1847ರ ನಂತರ ಅದೇ ಪ್ಯಾರಿಷ್‌ನಲ್ಲಿ ಮದುವೆಯಾದವನು, ಮಕ್ಕಳ ಜ್ಞಾನಸ್ನಾನ ಮಾಡಿಸಿದವನು, 1901ರ ಗಣತಿಯಲ್ಲಿ ಇದ್ದವನು ನಿಮ್ಮವನಲ್ಲ, ಹೊಡೆದುಹಾಕಿ. ಉಳಿದವನ ತಾಯಿಯ ಹೆಸರನ್ನು ಬೆಂಗಳೂರಿನಲ್ಲಿ ನಿಮ್ಮ ಪಿಂಚಣಿದಾರನಿಗೆ ಹುಟ್ಟಿದ ಹೆಣ್ಣುಮಕ್ಕಳ ಹೆಸರುಗಳ ಜೊತೆ ಹೋಲಿಸಿ, ಅಜ್ಜಿಯ ಹೆಸರು ಅವರಲ್ಲೊಬ್ಬಳಿಗೆ ಬಂದಿರಬಹುದು. 1870ರ ಮಗುವಿನ ಹಿಂದೆ ಮುಂದೆ ಹುಟ್ಟಿದವರೆಲ್ಲರ ಜ್ಞಾನಸ್ನಾನದ ಪುಟಗಳನ್ನು ಇಲ್ಲಿನ ರಿಜಿಸ್ಟರಿನಿಂದ ಈಗಲೇ ತೆಗೆಸಿಡಿ. ಎಲ್ಫಿನ್‌ಗೆ ಹೋಗುವ ಮುಂಚೆ ಆ ಪಟ್ಟಿ ಪಕ್ಕದಲ್ಲಿರಬೇಕು.